ಕತ್ತರಿಯ ಗಾಯ, ಕಾಂಡದ ಸಾವು: ದ್ರಾಕ್ಷಿ ಬೆಳೆಗಾರರಿಗೆ ಫ್ರಾನ್ಸ್ ಕಲಿಸಿದ ಪಾಠ

ಬೆಳೆಗಳನ್ನು ಕಾಡುವ ರೋಗಗಳಲ್ಲಿ ಎರಡು ಬಗೆ. ಒಂದು, ರಾತ್ರೋರಾತ್ರಿ ಎರಗಿ ಎಲೆ, ಹೂವು, ಕಾಯಿಗಳನ್ನು ಹಾಳುಗೆಡವಿ ಸುದ್ದಿಯಾಗುವಂಥದು. ಇನ್ನೊಂದು, ವರ್ಷಗಟ್ಟಲೆ ಸದ್ದಿಲ್ಲದೆ ಕಾಂಡದೊಳಗೆ ಕುಳಿತು ಕೊನೆಗೊಂದು ದಿನ ಇಡೀ ಗಿಡವನ್ನೇ ಕೆಡವುವಂಥದು. ಮೊದಲನೆಯದಕ್ಕೆ ಸಿಂಪಡಿಸಲು ಔಷಧವಿದೆ, ನಷ್ಟವನ್ನು ಲೆಕ್ಕ ಹಾಕುವ ಸಮೀಕ್ಷೆಯಿದೆ, ಅದೃಷ್ಟವಿದ್ದರೆ ಪರಿಹಾರವೂ ಇದೆ. ಎರಡನೆಯದಕ್ಕೆ ಇವ್ಯಾವುವೂ ಒದಗುವುದಿಲ್ಲ. ದ್ರಾಕ್ಷಿ ಬಳ್ಳಿಯ ಕಾಂಡರೋಗಗಳು ಈ ಎರಡನೆಯ ಗುಂಪಿಗೆ ಸೇರಿದವು.

ಈ ರೋಗಗಳ ಬಿಸಿಯನ್ನು ತೀವ್ರವಾಗಿ ಅನುಭವಿಸಿದ ದೇಶ, ದ್ರಾಕ್ಷಿ ಕೃಷಿಗೆ ಜಗತ್ತಿನಲ್ಲೇ ಹೆಸರಾದ ಫ್ರಾನ್ಸ್ ಎಂಬುದು ಗಮನಾರ್ಹ. ಅಲ್ಲಿಯ ತೋಟಗಳಲ್ಲಿ ಸುಮಾರು ಶೇ. 12ರಿಂದ 13ರಷ್ಟು ಭಾಗ ಕಾಂಡರೋಗಗಳಿಂದಾಗಿ ಫಸಲು ಕೊಡುತ್ತಿಲ್ಲ ಎಂದು 2010ರ ದಶಕದ ಆರಂಭದಲ್ಲಿ ಅಂದಾಜಿಸಲಾಗಿತ್ತು. ಇದರಿಂದಾಗುವ ವಾರ್ಷಿಕ ನಷ್ಟವನ್ನು ಸುಮಾರು 100 ಕೋಟಿ ಯೂರೋ ಎಂದು ಲೆಕ್ಕ ಹಾಕಲಾಗಿತ್ತು. ಸತ್ತ ಬಳ್ಳಿಗಳ ಜಾಗದಲ್ಲಿ ಹೊಸ ಬಳ್ಳಿ ನೆಡುವುದಕ್ಕೇ ಜಗತ್ತಿನಾದ್ಯಂತ ವರ್ಷಕ್ಕೆ 150 ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಗುತ್ತದೆ ಎಂಬುದು 2012ರಲ್ಲಿ ಪ್ರಕಟವಾದ ಮತ್ತೊಂದು ಅಂದಾಜು.

ಅಂಕಿ-ಅಂಶಗಳು ದೊಡ್ಡವು. ಆದರೆ ಈ ರೋಗದ ಕಥೆಯಲ್ಲಿ ಅಂಕಿಗಳಿಗಿಂತಲೂ ಮುಖ್ಯವಾದ ಅಂಶ ಬೇರೊಂದಿದೆ. ತಡೆಯಲು ಸಾಧ್ಯವಿರುವಾಗ ರೋಗ ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಂಡಾಗ ತಡೆಯುವ ಕಾಲ ಮೀರಿರುತ್ತದೆ. ರೈತನ ಲೆಕ್ಕಾಚಾರ, ಕೃಷಿ ಇಲಾಖೆಯ ಸಲಹೆ, ವಿಮಾ ಯೋಜನೆ ಎಲ್ಲವೂ ಕಣ್ಣಿಗೆ ಕಾಣುವ ರೋಗವನ್ನೇ ಆಧರಿಸಿ ರೂಪುಗೊಂಡಿರುವಾಗ ಕಾಣದ ರೋಗವನ್ನು ಎದುರಿಸುವುದು ಹೇಗೆ ಎಂಬುದೇ ನಿಜವಾದ ಪ್ರಶ್ನೆ. ವರ್ಷಕ್ಕೆ ಎರಡು ಬಾರಿ ಬಳ್ಳಿಗೆ ಕತ್ತರಿ ಹಾಕುವ ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದ ಬೆಳೆಗಾರರಿಗೂ ಈ ಪ್ರಶ್ನೆ ದೂರದ್ದಲ್ಲ.

ಒಳಗಿನಿಂದ ಬರುವ ಸಾವು

ಕಾಂಡರೋಗ ಎಂಬುದು ಒಂದೇ ರೋಗದ ಹೆಸರಲ್ಲ. ಬೇರೆ ಬೇರೆ ಶಿಲೀಂಧ್ರಗಳಿಂದ ಬರುವ ಹಲವು ರೋಗಗಳನ್ನು ಈ ಹೆಸರಿನಡಿ ಒಟ್ಟುಗೂಡಿಸಲಾಗಿದೆ. ಅವುಗಳಲ್ಲಿ ಮುಖ್ಯವಾದವು ಮೂರು: ಎಸ್ಕಾ, ಯುಟೈಪಾ ಮತ್ತು ಬೋಟ್ರಿಯೋಸ್ಫೇರಿಯಾ.

ಎಸ್ಕಾ ತಗುಲಿದ ಬಳ್ಳಿಯ ಎಲೆಗಳ ಮೇಲೆ ನರಗಳ ನಡುವಿನ ಭಾಗ ಹಳದಿ ಅಥವಾ ಕೆಂಪಾಗಿ, ಬಳಿಕ ಒಣಗಿ, ಹುಲಿಯ ಮೈಮೇಲಿನ ಪಟ್ಟೆಗಳಂತೆ ತೋರುತ್ತದೆ. ಕಾಂಡವನ್ನು ಅಡ್ಡಲಾಗಿ ಕತ್ತರಿಸಿದರೆ ಒಳಗೆ ಕಪ್ಪು ಚುಕ್ಕೆಗಳೂ, ಸ್ಪಂಜಿನಂತೆ ಮೆತ್ತಗಾದ ಬಿಳಿಯ ಕೊಳೆತ ಭಾಗವೂ ಕಾಣಸಿಗುತ್ತವೆ. ಕೆಲವೊಮ್ಮೆ ನಡುಬೇಸಿಗೆಯಲ್ಲಿ ಹಸಿರಾಗಿ ನಳನಳಿಸುತ್ತಿದ್ದ ಬಳ್ಳಿ ಕೆಲವೇ ದಿನಗಳಲ್ಲಿ ಗೊಂಚಲುಗಳ ಸಮೇತ ಒಣಗಿ ನಿಲ್ಲುತ್ತದೆ. ಮನುಷ್ಯನಿಗೆ ಬಡಿಯುವ ಪಾರ್ಶ್ವವಾಯುವಿನ ಹೆಸರನ್ನೇ ಫ್ರೆಂಚ್ ರೈತರು ಈ ಸ್ಥಿತಿಗೂ ಕೊಟ್ಟಿದ್ದಾರೆ.

ಯುಟೈಪಾದ ಲಕ್ಷಣ ಬೇರೆ. ವಸಂತದಲ್ಲಿ ಚಿಗುರು ಕುಬ್ಜವಾಗುತ್ತದೆ, ಎಲೆಗಳು ಚಿಕ್ಕದಾಗಿ ಬಟ್ಟಲಿನಂತೆ ಮುದುಡುತ್ತವೆ. ಕಾಂಡವನ್ನು ಕತ್ತರಿಸಿದರೆ ಹೋಳಿನ ಆಕಾರದ ಕಂದು ಗಾಯ ಎದ್ದು ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ಜರ್ದಾಳು ಮರಗಳ ಕೊಂಬೆ ಒಣಗುವ ರೋಗವೆಂದು ಮೊದಲು ಗುರುತಿಸಲಾದ ಈ ಶಿಲೀಂಧ್ರವೇ ದ್ರಾಕ್ಷಿಯನ್ನೂ ಕೊಲ್ಲುತ್ತಿದೆ ಎಂಬುದು 1970ರ ದಶಕದಲ್ಲಿ ಖಚಿತವಾಯಿತು.

ಮೂರನೆಯದಾದ ಬೋಟ್ರಿಯೋಸ್ಫೇರಿಯಾ ಗುಂಪಿನ ಶಿಲೀಂಧ್ರಗಳು ಬಿಸಿ ಪ್ರದೇಶಗಳಿಗೆ ಹೆಚ್ಚು ಹೊಂದಿಕೊಂಡವು. ಈ ಗುಂಪಿನ ಲೇಸಿಯೋಡಿಪ್ಲೋಡಿಯಾ ಎಂಬ ಶಿಲೀಂಧ್ರ ಮಾವಿನ ಕೊಂಬೆಗಳನ್ನು ತುದಿಯಿಂದ ಒಣಗಿಸುವ ರೋಗಕ್ಕೂ ಕಾರಣ. ದ್ರಾಕ್ಷಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಗುಂಪಿನ ಅತ್ಯಂತ ಉಗ್ರ ಶಿಲೀಂಧ್ರಗಳಲ್ಲಿ ಇದೂ ಒಂದೆಂದು ಕಂಡುಬಂದಿದೆ. ಉಷ್ಣವಲಯದ ತೋಟಗಳು ಮುಖ್ಯವಾಗಿ ಎಚ್ಚರ ವಹಿಸಬೇಕಾದುದು ಇದರ ಬಗ್ಗೆಯೇ.

ಈ ರೋಗಗಳೆಲ್ಲಕ್ಕೂ ಒಂದು ಸಮಾನ ಗುಣವಿದೆ. ಬೂದಿ ರೋಗದಂತೆ ಅಥವಾ ಡೌನಿಯಂತೆ ಇವು ಎಲೆಯ ಮೇಲೆ ಬೆಳೆಯುವುದಿಲ್ಲ. ಎಸ್ಕಾದ ಪಟ್ಟೆಗಳು ಕಾಣಿಸಿಕೊಂಡ ಎಲೆಯಲ್ಲಿ ಶಿಲೀಂಧ್ರವೇ ಇರುವುದಿಲ್ಲ. ಅದು ಇರುವುದು ಕೆಳಗೆ, ಕಾಂಡದೊಳಗೆ. ಪಟ್ಟೆ ಮೂಡಿದ ಎಲೆಗಳ ನೀರಿನ ನಾಳಗಳನ್ನು ಮುಚ್ಚಿರುವುದು ಬಳ್ಳಿಯೇ ಉತ್ಪಾದಿಸಿದ ಅಂಟು ಮತ್ತು ಗಡ್ಡೆಗಳು ಎಂಬುದನ್ನು ಬೋರ್ಡೊ ಪ್ರದೇಶದ ವಿಜ್ಞಾನಿಗಳು 2019ರಲ್ಲಿ ತೋರಿಸಿಕೊಟ್ಟರು. ಎಲೆಗೆ ಔಷಧ ಹೊಡೆದು ಈ ರೋಗವನ್ನು ಮಣಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ.

ಪಾಷಾಣದ ಕಾಲ ಮುಗಿದ ಮೇಲೆ

ಹಾಗಾದರೆ ಈ ರೋಗಕ್ಕೆ ಮದ್ದೇ ಇರಲಿಲ್ಲವೇ? ಇತ್ತು. ಇಪ್ಪತ್ತನೇ ಶತಮಾನದ ಆರಂಭದಿಂದಲೂ ಫ್ರಾನ್ಸಿನ ರೈತರು ಎಸ್ಕಾ ವಿರುದ್ಧ ಸೋಡಿಯಂ ಆರ್ಸೆನೈಟ್ ಬಳಸುತ್ತಿದ್ದರು. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದ ವಿಷ. ಚಳಿಗಾಲದಲ್ಲಿ ಎಲೆ ಉದುರಿದ ಬಳ್ಳಿಗೆ ಇದನ್ನು ಸಿಂಪಡಿಸಿದರೆ ಮುಂದಿನ ಬೇಸಿಗೆಯಲ್ಲಿ ರೋಗಲಕ್ಷಣ ಕಡಿಮೆಯಾಗುತ್ತಿತ್ತು. ಕೊಳೆತ ಮರದ ಭಾಗದಲ್ಲೇ ಈ ವಿಷ ಸಂಗ್ರಹವಾಗಿ ಅಲ್ಲಿರುವ ಶಿಲೀಂಧ್ರವನ್ನು ಕುಗ್ಗಿಸುತ್ತಿತ್ತೆಂದು ಇತ್ತೀಚಿನ ಸಂಶೋಧನೆಗಳು ಹೇಳುತ್ತವೆ.

ಆದರೆ ಶಿಲೀಂಧ್ರವನ್ನು ಕೊಲ್ಲುವ ವಿಷ ಸಿಂಪಡಿಸುವವನನ್ನು ಬಿಟ್ಟೀತೇ? ಆರ್ಸೆನಿಕ್ ಕ್ಯಾನ್ಸರ್‌ಕಾರಕವೆಂಬುದು ನಿರ್ವಿವಾದ. ಮಣ್ಣಿನಲ್ಲಿ ಅದು ಕರಗಿ ಇಲ್ಲವಾಗುವ ವಸ್ತುವೂ ಅಲ್ಲ. 2001ರ ನವೆಂಬರಿನಲ್ಲಿ ಫ್ರಾನ್ಸ್ ಇದರ ಬಳಕೆಯನ್ನು ನಿಷೇಧಿಸಿತು. ತೋಟದ ಕಾರ್ಮಿಕರ ಆರೋಗ್ಯದ ದೃಷ್ಟಿಯಿಂದ ಅದು ತಡವಾಗಿಯಾದರೂ ಬಂದ ಸರಿಯಾದ ತೀರ್ಮಾನವೇ ಆಗಿತ್ತು. ಆದರೆ ಕಾಂಡದೊಳಗಿನ ರೋಗವನ್ನು ಅದರಂತೆ ಗುಣಪಡಿಸುವ ಇನ್ನೊಂದು ರಾಸಾಯನಿಕ ಆ ಸ್ಥಾನಕ್ಕೆ ಬರಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ಶಿಲೀಂಧ್ರಗಳ ವಿರುದ್ಧ ಆಧುನಿಕ ಕೃಷಿ ನಡೆಸಿದ ಯುದ್ಧದ ಮೊದಲ ದೊಡ್ಡ ಜಯ ದೊರೆತದ್ದು ಇದೇ ಫ್ರಾನ್ಸಿನ ಬೋರ್ಡೊ ಪ್ರದೇಶದ ದ್ರಾಕ್ಷಿತೋಟಗಳಲ್ಲಿ. ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ ಡೌನಿ ರೋಗವನ್ನು ತಡೆಯುತ್ತದೆಂದು ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಅದೇ ಬೋರ್ಡೊ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆಯ ಕೊಳೆರೋಗದ ವಿರುದ್ಧ ಪ್ರಚುರಪಡಿಸಿದರು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇಂದಿಗೂ ಮಳೆಗಾಲಕ್ಕೆ ಮುನ್ನ ಹೊಡೆಯುವ ಮದ್ದು ಅದೇ. ಹೊರಗಿನಿಂದ ಬರುವ ಶಿಲೀಂಧ್ರವನ್ನು ಎಲೆ, ಕಾಯಿಗಳ ಮೇಲೆಯೇ ತಡೆಯುವ ಈ ತಂತ್ರ ಜಗತ್ತಿನ ರೈತರಿಗೆ ಒಂದು ನಂಬಿಕೆಯನ್ನು ಕಲಿಸಿತು: ರೋಗವೆಂದರೆ ಸಿಂಪಡಣೆ. ಕಾಂಡರೋಗ ಪ್ರಶ್ನಿಸುತ್ತಿರುವುದು ಈ ನಂಬಿಕೆಯನ್ನೇ.

ನಿಷೇಧವೊಂದೇ ರೋಗ ಹೆಚ್ಚಲು ಕಾರಣವೆಂದು ಹೇಳುವುದು ಸರಿಯಲ್ಲ. ಯಂತ್ರಗಳಿಗೆ ಅನುಕೂಲವಾಗುವಂತೆ ಬಳ್ಳಿಗಳನ್ನು ಬಗ್ಗಿಸಿದ್ದು, ಬೇಗಬೇಗನೆ ಕತ್ತರಿಸುವ ರೂಢಿ, ದಪ್ಪ ಕೊಂಬೆಗಳಿಗೆ ಹಾಕಿದ ದೊಡ್ಡ ಗಾಯಗಳು, ನರ್ಸರಿಯಿಂದಲೇ ಸೋಂಕು ಹೊತ್ತು ಬಂದ ಸಸಿಗಳು ಇವೆಲ್ಲವನ್ನೂ ತಜ್ಞರು ಪಟ್ಟಿ ಮಾಡುತ್ತಾರೆ. ಪಾಷಾಣ ಇರುವವರೆಗೆ ಈ ತಪ್ಪುಗಳು ಮುಚ್ಚಿಹೋಗಿದ್ದವು. ಅದು ಹೋದ ಮೇಲೆ ಎಲ್ಲವೂ ಬಯಲಿಗೆ ಬಂದವು.

ಗಾಯವೇ ಹೆಬ್ಬಾಗಿಲು

ಶಿಲೀಂಧ್ರ ಕಾಂಡದೊಳಗೆ ಸೇರುವುದು ಹೇಗೆ? ಉತ್ತರ ಸರಳ: ರೈತನೇ ತೆರೆದಿಟ್ಟ ಬಾಗಿಲಿನಿಂದ. ಫಸಲಿಗಾಗಿ ದ್ರಾಕ್ಷಿಗೆ ಪ್ರತಿ ವರ್ಷ ಚಾಟನಿ ಮಾಡಲೇಬೇಕು. ಒಂದು ಬಳ್ಳಿಗೆ ಹತ್ತಾರು ಗಾಯಗಳು, ಒಂದು ಎಕರೆಗೆ ಸಾವಿರಾರು. ಮಳೆ ಬಿದ್ದಾಗ ಸತ್ತ ಮರದ ಮೇಲಿನ ಶಿಲೀಂಧ್ರ ತನ್ನ ಬೀಜಕಣಗಳನ್ನು ಹೊರಸೂಸುತ್ತದೆ. ಯುಟೈಪಾದ ಬೀಜಕಣಗಳನ್ನು ಗಾಳಿ ಹತ್ತಾರು ಕಿಲೋಮೀಟರ್ ದೂರಕ್ಕೆ ಒಯ್ಯಬಲ್ಲದು. ಹಸಿ ಗಾಯದ ಮೇಲೆ ಬಿದ್ದ ಬೀಜಕಣ ಮೊಳೆತು ಒಳಗಿಳಿಯುತ್ತದೆ. ಕತ್ತರಿಸಿದ ಮೊದಲ ದಿನಗಳಲ್ಲಿ ಅಪಾಯ ಅತಿ ಹೆಚ್ಚು. ಅನಂತರವೂ ಕೆಲವು ವಾರಗಳವರೆಗೆ ಗಾಯ ಪೂರ್ತಿ ಸುರಕ್ಷಿತವಲ್ಲ.

ಈ ಸಂಗತಿ ತಿಳಿದ ಮೇಲೆ ಪರಿಹಾರದ ದಾರಿಯೂ ಬದಲಾಯಿತು. ಕ್ಯಾಲಿಫೋರ್ನಿಯಾದ ಸಂಶೋಧಕರು ಎರಡು ಹಂತದ ಚಾಟನಿಯನ್ನು ಪರೀಕ್ಷಿಸಿದರು. ಮೊದಲು ಯಂತ್ರದಿಂದ ಕಡ್ಡಿಗಳನ್ನು ಉದ್ದವಾಗಿಯೇ ಬಿಟ್ಟು ಕತ್ತರಿಸುವುದು, ಮಳೆ ಕಡಿಮೆಯಾದ ಮೇಲೆ ಕೈಯಿಂದ ಅಂತಿಮವಾಗಿ ಕತ್ತರಿಸುವುದು. ಮೊದಲ ಗಾಯಕ್ಕೆ ತಗುಲಿದ ಸೋಂಕು ಎರಡನೇ ಕತ್ತರಿಕೆಯಲ್ಲಿ ಬಿದ್ದುಹೋಗುತ್ತದೆ ಎಂಬುದು ಇದರ ತರ್ಕ. ಈ ವಿಧಾನದ ಫಲಿತಾಂಶ 2007ರಲ್ಲಿ ಪ್ರಕಟವಾಗಿದ್ದು, ಅಲ್ಲಿಯ ಅನೇಕ ತೋಟಗಳು ಇದನ್ನು ಅಳವಡಿಸಿಕೊಂಡಿವೆ.

ಫ್ರಾನ್ಸ್ ಮತ್ತು ಇಟಲಿಯಲ್ಲಿ ನಡೆದದ್ದು ಒಂದು ಬಗೆಯಲ್ಲಿ ಹಳೆಯ ವಿದ್ಯೆಯ ಮರುಶೋಧ. ಕೊನ್ಯಾಕ್ ಸೀಮೆಯ ಪೂಸಾರ್ ಎಂಬ ರೈತ ಬಳ್ಳಿಯ ರಸನಾಳಗಳಿಗೆ ಧಕ್ಕೆಯಾಗದಂತೆ ಕತ್ತರಿಸುವ ಕ್ರಮವನ್ನು ರೂಢಿಸಿಕೊಂಡಿದ್ದ. ಎಲ್ಲ ಗಾಯಗಳೂ ಕಾಂಡದ ಮೇಲ್ಭಾಗದಲ್ಲೇ ಬೀಳಬೇಕು, ರಸ ಹರಿಯುವ ಕೆಳಭಾಗ ಅಖಂಡವಾಗಿ ಉಳಿಯಬೇಕು ಎಂಬುದು ಅದರ ಸೂತ್ರ. ಲಾಫಾನ್ ಎಂಬ ಲೇಖಕ 1921ರಲ್ಲೇ ಇದನ್ನು ಗ್ರಂಥವಾಗಿ ದಾಖಲಿಸಿದ್ದರು. ಪಾಷಾಣ ಕೈಯಲ್ಲಿದ್ದ ಕಾಲದಲ್ಲಿ ಬಹುಮಟ್ಟಿಗೆ ಮೂಲೆಗುಂಪಾಗಿದ್ದ ಈ ಕ್ರಮಕ್ಕೆ ಈಗ ಮತ್ತೆ ಬೇಡಿಕೆ ಬಂದಿದೆ. ಇಟಲಿಯ ಮಾರ್ಕೊ ಸಿಮೊನಿಟ್ ಮತ್ತು ಪಿಯರ್‌ಪಾವ್ಲೊ ಸಿರ್ಕ್ ಎಂಬಿಬ್ಬರು ಇದೇ ತತ್ತ್ವದ ಮೇಲೆ ಚಾಟನಿ ಶಾಲೆಗಳನ್ನು ನಡೆಸುತ್ತಿದ್ದಾರೆ. ಬೋರ್ಡೊ ವಿಶ್ವವಿದ್ಯಾಲಯದಲ್ಲಿ ಚಾಟನಿಗೆಂದೇ ಪ್ರತ್ಯೇಕ ಡಿಪ್ಲೊಮಾ ತಲೆಯೆತ್ತಿತು. ಕತ್ತರಿ ಹಿಡಿಯುವ ಕೂಲಿಯವನ ಕೆಲಸವೆಂದು ಕಡೆಗಣಿಸಲಾಗಿದ್ದ ವಿದ್ಯೆ ವಿಶ್ವವಿದ್ಯಾಲಯದ ಮೆಟ್ಟಿಲೇರಿತು.

ರೋಗ ತಗುಲಿದ ಬಳ್ಳಿಯನ್ನೂ ಕಿತ್ತೆಸೆಯಲೇಬೇಕೆಂದಿಲ್ಲ. ಆಸ್ಟ್ರೇಲಿಯಾದಲ್ಲಿ ರೋಗಗ್ರಸ್ತ ಕಾಂಡವನ್ನು, ಕಂದು ಬಣ್ಣ ಕಾಣುವ ಜಾಗಕ್ಕಿಂತ 10ರಿಂದ 20 ಸೆಂ.ಮೀ. ಕೆಳಗೆ ಕತ್ತರಿಸಿ, ಬುಡದಿಂದ ಬಂದ ಹೊಸ ಚಿಗುರನ್ನೇ ಕಾಂಡವಾಗಿ ಬೆಳೆಸುವ ಪದ್ಧತಿ ಯಶಸ್ವಿಯಾಗಿದೆ. ಬೇರು ಹಳೆಯದೇ ಆದ್ದರಿಂದ ಹೊಸ ಸಸಿಗಿಂತ ಬೇಗ ಫಸಲು ಬರುತ್ತದೆ. ಫ್ರಾನ್ಸಿನಲ್ಲಿ ಕೆಲವರು ಕಾಂಡವನ್ನು ಸೀಳಿ, ಒಳಗಿನ ಕೊಳೆತ ಭಾಗವನ್ನು ಚಿಕ್ಕ ಗರಗಸದಿಂದ ಕೆರೆದು ತೆಗೆಯುತ್ತಾರೆ. ಹಲ್ಲಿನ ವೈದ್ಯರು ಹುಳುಕನ್ನು ಕೆರೆಯುವಂತೆಯೇ ಇದು. ಇವೆಲ್ಲವೂ ಶ್ರಮದ ಕೆಲಸ. ಆದರೆ ಯಾವುದರಲ್ಲೂ ವಿಷವಿಲ್ಲ.

ಲಾಭದ ಲೆಕ್ಕ ಮತ್ತು ಕಾಲದ ಲೆಕ್ಕ

ಇಷ್ಟೆಲ್ಲ ಗೊತ್ತಿದ್ದೂ ರೋಗ ಯಾಕೆ ನಿಲ್ಲುತ್ತಿಲ್ಲ? ಈ ಪ್ರಶ್ನೆಗೆ ಉತ್ತರ ಸಸ್ಯಶಾಸ್ತ್ರದಲ್ಲಿಲ್ಲ, ಅರ್ಥಶಾಸ್ತ್ರದಲ್ಲಿದೆ.

ಕ್ಯಾಲಿಫೋರ್ನಿಯಾದಲ್ಲಿ ಕಾಂಡರೋಗಗಳಿಂದ ವರ್ಷಕ್ಕೆ ಕನಿಷ್ಠ 26 ಕೋಟಿ ಡಾಲರ್ ನಷ್ಟವೆಂದು 2001ರಲ್ಲಿ ಅಂದಾಜಿಸಲಾಗಿತ್ತು. ಅಲ್ಲಿಯ ಬೆಳೆಗಾರರು ಮುಂಜಾಗ್ರತೆಯ ಕ್ರಮಗಳನ್ನು ಯಾಕೆ ಬೇಗ ಕೈಗೊಳ್ಳುವುದಿಲ್ಲ ಎಂಬುದನ್ನು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪರಿಶೀಲಿಸಿತು. ತೋಟದ ಮೂರನೇ ವರ್ಷದಿಂದಲೇ ಗಾಯದ ರಕ್ಷಣೆ ಆರಂಭಿಸಿದರೆ ತೋಟದ ಲಾಭದಾಯಕ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. ಹತ್ತನೇ ವರ್ಷಕ್ಕೆ ಆರಂಭಿಸಿದರೆ ಪ್ರಯೋಜನ ಬಹಳ ಕಡಿಮೆ ಎಂಬುದು ಅದರ ಸಾರ. ಆದರೆ ಮೂರನೇ ವರ್ಷದಲ್ಲಿ ತೋಟ ಆರೋಗ್ಯದಿಂದ ಕಂಗೊಳಿಸುತ್ತಿರುತ್ತದೆ. ಕಾಣದ ರೋಗಕ್ಕೆ ದುಡ್ಡು ಸುರಿಯಲು ರೈತನ ಮನಸ್ಸು ಒಪ್ಪುವುದಿಲ್ಲ. ಅವನ ಮನಸ್ಸು ಒಪ್ಪುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ.

ಇದನ್ನು ರೈತನ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಸಾಲದ ಕಂತು ಈ ವರ್ಷ ಕಟ್ಟಬೇಕು, ಕೂಲಿ ಈ ವಾರ ಕೊಡಬೇಕು. ಎಂಟು ವರ್ಷದ ನಂತರ ಸಿಗುವ ಲಾಭಕ್ಕಾಗಿ ಇಂದು ಖರ್ಚು ಮಾಡುವುದು ಬಂಡವಾಳ ಉಳ್ಳವರಿಗೇ ಕಷ್ಟ. ಚಾಟನಿಯ ಕೂಲಿಯನ್ನು ಬಳ್ಳಿಗಿಷ್ಟು ಅಥವಾ ಎಕರೆಗಿಷ್ಟು ಎಂದು ಗುತ್ತಿಗೆಯಾಗಿ ಕೊಡುವ ಕಡೆಯಲ್ಲಂತೂ ಕೆಲಸಗಾರನ ಸಂಪಾದನೆ ಅವನ ವೇಗವನ್ನೇ ಅವಲಂಬಿಸಿರುತ್ತದೆ. ನಿಧಾನವಾಗಿ, ನೋಡಿಕೊಂಡು ಕತ್ತರಿಸಿದವನಿಗೆ ಅಂದಿನ ಕೂಲಿ ಕಡಿಮೆ. ಬಳ್ಳಿಯ ಆಯುಷ್ಯ ಹೆಚ್ಚಿದರೆ ಅದರ ಲಾಭದಲ್ಲಿ ಅವನಿಗೆ ಪಾಲಿಲ್ಲ.

ಫ್ರಾನ್ಸ್ ಈ ಸತ್ಯವನ್ನು ಅರಿಯಲು ಹದಿನೈದು ವರ್ಷ ಹಿಡಿಯಿತು. 2016ರಲ್ಲಿ ಅಲ್ಲಿಯ ಸರಕಾರ ಮತ್ತು ದ್ರಾಕ್ಷಿ ಉದ್ಯಮ ಒಟ್ಟಾಗಿ ತೋಟಗಳ ಕ್ಷೀಣತೆಯ ವಿರುದ್ಧ ರಾಷ್ಟ್ರೀಯ ಯೋಜನೆಯೊಂದನ್ನು ರೂಪಿಸಿದವು. ಅದರಲ್ಲಿ ಸಂಶೋಧನೆಯಷ್ಟೇ ನರ್ಸರಿಗಳ ಗುಣಮಟ್ಟಕ್ಕೂ ತರಬೇತಿಗೂ ಒತ್ತು ನೀಡಲಾಯಿತು. ಒಂದೇ ಔಷಧವನ್ನು ಹುಡುಕುವ ಬದಲು ಹಲವು ಸಣ್ಣ ಕ್ರಮಗಳನ್ನು ಒಟ್ಟುಗೂಡಿಸುವುದು ಅದರ ದಾರಿ.

ಬರಕ್ಕೂ ರೋಗಕ್ಕೂ ಎಣಿಸದ ನಂಟು

ಬರಗಾಲದಲ್ಲಿ ಬಳ್ಳಿ ದುರ್ಬಲವಾಗಿ ರೋಗ ಹೆಚ್ಚುತ್ತದೆ ಎಂಬುದು ಸಹಜ ಊಹೆ. ಆದರೆ ಎಸ್ಕಾ ವಿಷಯದಲ್ಲಿ ಈ ಊಹೆ ತಲೆಕೆಳಗಾಯಿತು. ಬೋರ್ಡೊ ಪ್ರದೇಶದ ಸಂಶೋಧಕರು ಸುಮಾರು 30 ವರ್ಷ ವಯಸ್ಸಿನ ರೋಗಪೀಡಿತ ಬಳ್ಳಿಗಳನ್ನು ತೋಟದಿಂದ ಕಿತ್ತು ಕುಂಡಗಳಿಗೆ ವರ್ಗಾಯಿಸಿ ಎರಡು ಋತುಗಳ ಕಾಲ ಗಮನಿಸಿದರು. ನೀರು ಕೊಟ್ಟ ಬಳ್ಳಿಗಳಲ್ಲಿ ಎಲೆಯ ಪಟ್ಟೆಗಳು ಕಾಣಿಸಿಕೊಂಡವು; ನೀರಿನ ಕೊರತೆಗೆ ಒಳಪಡಿಸಿದ ಬಳ್ಳಿಗಳಲ್ಲಿ ಕಾಣಿಸಿಕೊಳ್ಳಲೇ ಇಲ್ಲ. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ತಜ್ಞರಲ್ಲೂ ಅಚ್ಚರಿ ಮೂಡಿಸಿತು.

ಹಾಗೆಂದು ಬರ ಒಳ್ಳೆಯದೆಂದಲ್ಲ. ಲಕ್ಷಣ ಕಾಣದಿದ್ದರೆ ಸೋಂಕು ಇಲ್ಲವೆಂದೂ ಅಲ್ಲ. ಒಣ ವರ್ಷದಲ್ಲಿ ಎಲೆ ಹಸಿರಾಗಿದ್ದರೂ ಕಾಂಡದೊಳಗೆ ಶಿಲೀಂಧ್ರ ಉಳಿದಿರುತ್ತದೆ. ಅಷ್ಟೇ ಅಲ್ಲ, ಬೋಟ್ರಿಯೋಸ್ಫೇರಿಯಾ ಗುಂಪಿನ ಶಿಲೀಂಧ್ರಗಳು ಬಿಸಿಲು, ನೀರಿನ ಕೊರತೆಗಳಿಂದ ಬಳಲಿದ ಗಿಡಗಳ ಮೇಲೆ ಉಗ್ರವಾಗುವ ಸ್ವಭಾವದವು. ಹೀಗಾಗಿ ಯುರೋಪಿನ ಒಂದು ರೋಗದ ಲೆಕ್ಕವನ್ನು ಹಾಗೆಯೇ ದಖ್ಖನಿನ ಒಣಭೂಮಿಗೆ ಅನ್ವಯಿಸುವುದು ತರವಲ್ಲ.

ವಿಜಯಪುರದ ಎರಡು ಚಾಟನಿ

ದೇಶದಲ್ಲಿ ದ್ರಾಕ್ಷಿ ಬೆಳೆಯುವ ರಾಜ್ಯಗಳಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಅದರಲ್ಲೂ ವಿಜಯಪುರ ಜಿಲ್ಲೆ ಮುಂಚೂಣಿಯಲ್ಲಿದೆ. ಥಾಮ್ಸನ್ ಸೀಡ್‌ಲೆಸ್, ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ತಳಿಗಳು ಇಲ್ಲಿ ಹರಡಿದ್ದು, ಫಸಲಿನ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ. ಮಳೆ ಕಡಿಮೆ, ನೀರು ಉಪ್ಪು; ಆ ಕಾರಣಕ್ಕೇ ಡಾಗ್‌ರಿಜ್ ಎಂಬ ಬೇರುಸಸಿಯ ಮೇಲೆ ಕಸಿ ಕಟ್ಟುವ ಪದ್ಧತಿ ಬೇರೂರಿದೆ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ರೈತರ ಸಾಹಸವನ್ನು ನಾಡು ಬಲ್ಲದು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಬಳ್ಳಿ ಒಳಗಿನಿಂದ ಟೊಳ್ಳಾದರೆ ಆ ಖರ್ಚೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಯುರೋಪಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಚಾಟನಿ ಒಮ್ಮೆ ಮಾತ್ರ. ಇಲ್ಲಿ ಬಳ್ಳಿಗೆ ಆ ನಿದ್ರೆಯಿಲ್ಲ. ಏಪ್ರಿಲ್ ಚಾಟನಿಯಲ್ಲಿ ಕಡ್ಡಿಗಳನ್ನು ತೋಳಿನ ಹತ್ತಿರದವರೆಗೆ ಕತ್ತರಿಸಿ ಹೊಸ ಕಡ್ಡಿ ಬರಿಸಲಾಗುತ್ತದೆ. ಅಕ್ಟೋಬರ್ ಚಾಟನಿಯಲ್ಲಿ ಆ ಕಡ್ಡಿಗಳ ತುದಿ ಕತ್ತರಿಸಿ ಹಣ್ಣು ಪಡೆಯಲಾಗುತ್ತದೆ. ವರ್ಷಕ್ಕೆ ಎರಡು ಬಾರಿ ಗಾಯವೆಂದರೆ ಅಪಾಯವೂ ಎರಡು ಪಟ್ಟು ಎಂದು ಮೇಲುನೋಟಕ್ಕೆ ತೋರುತ್ತದೆ.

ಸೂಕ್ಷ್ಮವಾಗಿ ನೋಡಿದರೆ ಚಿತ್ರ ಬೇರೆಯಾಗುತ್ತದೆ. ಅಕ್ಟೋಬರಿನಲ್ಲಿ ಹಿಂಗಾರು ಮಳೆಯ ತೇವವಿರುವುದರಿಂದ ಸೋಂಕಿನ ಸಾಧ್ಯತೆ ಹೆಚ್ಚು. ಆದರೆ ಆಗ ಆಗುವ ಗಾಯ ಕಾಂಡದಿಂದ ದೂರ, ಕಡ್ಡಿಯ ತುದಿಯಲ್ಲಿರುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಆ ಕಡ್ಡಿಯೇ ಬಿದ್ದುಹೋಗುತ್ತದೆ. ಕ್ಯಾಲಿಫೋರ್ನಿಯಾದವರು ಪ್ರಯೋಗ ಮಾಡಿ ಕಂಡುಕೊಂಡ ಎರಡು ಹಂತದ ತರ್ಕ ಇಲ್ಲಿ ರೂಢಿಯಲ್ಲೇ ಅಡಗಿದೆ. ಏಪ್ರಿಲ್‌ನ ಗಾಯ ಮಾತ್ರ ತೋಳಿಗೆ ಅಂಟಿಕೊಂಡೇ ಇರುತ್ತದೆ, ವರ್ಷಾನುಗಟ್ಟಲೆ ಉಳಿಯುತ್ತದೆ. ಬಿರುಬೇಸಿಗೆಯ ಒಣಹವೆ ಅದಕ್ಕೆ ರಕ್ಷಣೆ. ಚಾಟನಿಯ ಬೆನ್ನಿಗೇ ಬರುವ ಅಡ್ಡಮಳೆ ಅದಕ್ಕೆ ಅಪಾಯ. ಆದ್ದರಿಂದ ರಕ್ಷಣೆಯ ಮೊದಲ ಗಮನ ಹೋಗಬೇಕಾದುದು ಏಪ್ರಿಲ್‌ನ ಗಾಯಗಳಿಗೆ, ಅದರಲ್ಲೂ ತೋಳು ಅಥವಾ ಕಾಂಡವನ್ನು ಗರಗಸದಿಂದ ಕೊಯ್ದಾಗ ಆಗುವ ದೊಡ್ಡ ಗಾಯಗಳಿಗೆ.

ಇದಕ್ಕೆ ಹೊಸ ಯಂತ್ರಗಳೇನೂ ಬೇಕಿಲ್ಲ. ಅಕ್ಟೋಬರ್ ಚಾಟನಿಯ ನಂತರ ಕಣ್ಣುಗಳು ಒಡೆಯಲೆಂದು ಕಡ್ಡಿ ಕಡ್ಡಿಗೂ ಪೇಸ್ಟ್ ಹಚ್ಚುವ ಶ್ರಮ ಈ ಭಾಗದ ಕೃಷಿ ಕಾರ್ಮಿಕರಿಗೆ ಹೊಸದಲ್ಲ. ಅದೇ ಕೈಗಳು ಏಪ್ರಿಲ್‌ನ ದೊಡ್ಡ ಗಾಯಗಳಿಗೆ ಅಂದೇ ಬೋರ್ಡೊ ಮುಲಾಮನ್ನೋ, ಟ್ರೈಕೋಡರ್ಮಾವನ್ನೋ ಹಚ್ಚಬಲ್ಲವು. ಇವು ಒಳಗೆ ಸೇರಿದ ರೋಗವನ್ನು ಗುಣಪಡಿಸುವುದಿಲ್ಲ. ಹೊಸ ಸೋಂಕನ್ನು ತಡೆಯಲು ನೆರವಾಗುತ್ತವೆ. ಕತ್ತರಿಸಿದ ಕಡ್ಡಿ, ಸತ್ತ ಬಳ್ಳಿಗಳನ್ನು ಬದುವಿನ ಮೇಲೆ ರಾಶಿ ಹಾಕಿ ಬಿಡುವುದು ಶಿಲೀಂಧ್ರಕ್ಕೆ ಮನೆ ಕಟ್ಟಿಕೊಟ್ಟಂತೆ. ಅವನ್ನು ತೋಟದಿಂದ ಸಾಗಿಸುವುದು ಖರ್ಚಿಲ್ಲದ ಮದ್ದು.

ಬಳ್ಳಿ ಒಣಗಿದ್ದಕ್ಕೆಲ್ಲ ಶಿಲೀಂಧ್ರವೇ ಕಾರಣವಲ್ಲ ಎಂಬ ಎಚ್ಚರವೂ ಬೇಕು. ಕಾಂಡಕೊರಕ ಹುಳು ಈ ಭಾಗದ ತೋಟಗಳ ಹಳೆಯ ಶತ್ರು. ಉಪ್ಪು ನೀರು, ಬೇರಿನ ಜಂತುಹುಳು ಕೂಡ ಬಳ್ಳಿಯನ್ನು ಸೊರಗಿಸುತ್ತವೆ. ಹುಳುವಾದರೆ ಕಾಂಡದಲ್ಲಿ ತೂತು, ಬುಡದಲ್ಲಿ ಹಿಕ್ಕೆಯ ಪುಡಿ ಇರುತ್ತದೆ. ಶಿಲೀಂಧ್ರವಾದರೆ ಅಡ್ಡಲಾಗಿ ಕೊಯ್ದಾಗ ಹೋಳಿನಾಕಾರದ ಕಂದು ಗಾಯ ಕಾಣುತ್ತದೆ. ಸತ್ತ ಬಳ್ಳಿಯನ್ನು ಒಲೆಗೆ ಹಾಕುವ ಮುನ್ನ ಒಮ್ಮೆ ಕೊಯ್ದು ನೋಡುವ ಅಭ್ಯಾಸ ಬೆಳೆದರೆ ತೋಟದ ಅರ್ಧ ಸತ್ಯ ಅಲ್ಲೇ ತಿಳಿಯುತ್ತದೆ.

ನಂದಿ ಬೆಟ್ಟದ ಸುತ್ತಮುತ್ತ ವೈನ್‌ಗಾಗಿ ಬೆಳೆಸಿರುವ ಫ್ರೆಂಚ್ ತಳಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ರಾಜ್ಯ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಜಾರಿಗೆ ತಂದು ಈ ಉದ್ಯಮಕ್ಕೆ ಉತ್ತೇಜನ ನೀಡಿತು. ಆ ತಳಿಗಳ ಪೈಕಿ ಕ್ಯಾಬರ್ನೆ ಸೋವಿನ್ಯೋನ್ ಮತ್ತು ಸೋವಿನ್ಯೋನ್ ಬ್ಲಾಂಕ್ ತಮ್ಮ ತವರಿನಲ್ಲೇ ಕಾಂಡರೋಗಗಳಿಗೆ ಸುಲಭವಾಗಿ ತುತ್ತಾಗುವಂಥವು. ತಳಿಯನ್ನು ತಂದವರು ಅದರ ದೌರ್ಬಲ್ಯದ ಅರಿವನ್ನೂ ಜತೆಗೆ ತರಬೇಕಾಗುತ್ತದೆ.

ವಿಮೆಗೆ ಕಾಣದ ನಷ್ಟ

ಹವಾಮಾನ ಆಧಾರಿತ ಬೆಳೆ ವಿಮೆ 2016ರಿಂದ ಪುನರ್‌ರಚಿತ ರೂಪದಲ್ಲಿ ಜಾರಿಯಲ್ಲಿದೆ. ಮಳೆ, ಉಷ್ಣಾಂಶ, ತೇವಾಂಶಗಳು ನಿಗದಿತ ಮಿತಿ ದಾಟಿದಾಗ ಪರಿಹಾರ ಕೊಡುವುದು ಅದರ ಸೂತ್ರ. ಒಂದೊಂದೇ ಬಳ್ಳಿಯಾಗಿ, ವರ್ಷವರ್ಷವೂ ಸಾಯುವ ತೋಟ ಈ ಸೂತ್ರದೊಳಗೆ ಬರುವುದೇ ಇಲ್ಲ. ಆಲಿಕಲ್ಲು ಮಳೆಗೆ ನೆಲಕಚ್ಚಿದ ತೋಟದ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಹತ್ತು ವರ್ಷದಲ್ಲಿ ನಿಧಾನವಾಗಿ ಬರಿದಾದ ತೋಟದ ಚಿತ್ರ ಬರುವುದಿಲ್ಲ. ಎರಡೂ ಕಡೆ ರೈತನ ಕೈಗೆ ಬಂದ ನಷ್ಟ ಒಂದೇ.

ಪರಿಹಾರ ಕೊಡುವುದಕ್ಕಿಂತ ನಷ್ಟ ತಡೆಯುವುದು ಸರಕಾರಕ್ಕೂ ಅಗ್ಗ. ಅದಕ್ಕೆ ಬೇಕಾದ ಕ್ರಮಗಳು ಮೂರು. ಮೊದಲನೆಯದು ಸಸಿ. ಬೇರುಸಸಿ ಮತ್ತು ಕಸಿಕಡ್ಡಿಗಳು ರೋಗವಿಲ್ಲದ ತಾಯಿಬಳ್ಳಿಯಿಂದಲೇ ಬರುವಂತೆ ನೋಡಿಕೊಳ್ಳಬೇಕು. ಕಸಿ ಕಟ್ಟುವ ಗಾಯವೂ ಶಿಲೀಂಧ್ರಕ್ಕೆ ಬಾಗಿಲೇ. ಕಡ್ಡಿಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 30 ನಿಮಿಷ ಇಡುವ ಪದ್ಧತಿ ಅನೇಕ ದೇಶಗಳ ನರ್ಸರಿಗಳಲ್ಲಿ ರೂಢಿಯಲ್ಲಿದೆ. ಎರಡನೆಯದು ತರಬೇತಿ. ಅದು ತೋಟದ ಮಾಲೀಕನಿಗಷ್ಟೇ ಅಲ್ಲ, ಕತ್ತರಿ ಹಿಡಿಯುವ ಕಾರ್ಮಿಕನಿಗೂ ತಲುಪಬೇಕು. ಕೌಶಲಕ್ಕೆ ತಕ್ಕ ಕೂಲಿಯೂ ಸಿಗಬೇಕು. ಮೂರನೆಯದು ಎಣಿಕೆ. ಪುಣೆಯಲ್ಲಿ 1997ರಿಂದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ, ರಾಜ್ಯದಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ತೋಟದಲ್ಲಿ ನೂರಕ್ಕೆ ಎಷ್ಟು ಬಳ್ಳಿ ಸತ್ತಿವೆ, ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ಎಂಬ ಲೆಕ್ಕವನ್ನು ವರ್ಷವರ್ಷವೂ ಇಡುವ ವ್ಯವಸ್ಥೆ ಬಂದರೆ ಮಾತ್ರ ಉಳಿದೆರಡಕ್ಕೂ ಅರ್ಥ ಬರುತ್ತದೆ. ಫ್ರಾನ್ಸ್ ಎಚ್ಚೆತ್ತುಕೊಂಡದ್ದು ಶೇಕಡಾವಾರು ಲೆಕ್ಕ ಕೈಗೆ ಬಂದ ಮೇಲೆಯೇ.

ಪಾಷಾಣವನ್ನು ಕೈಬಿಟ್ಟ ಮೇಲೆ ಫ್ರಾನ್ಸ್ ಇನ್ನೊಂದು ಪಾಷಾಣಕ್ಕಾಗಿ ಕಾದು ಹಲವು ವರ್ಷ ಕಳೆದುಕೊಂಡಿತು. ಕೊನೆಗೆ ಮರಳಿದ್ದು ಕತ್ತರಿ ಹಿಡಿದ ಕೈಯ ಹತ್ತಿರಕ್ಕೇ. ಆ ವರ್ಷಗಳನ್ನು ಕಳೆದುಕೊಳ್ಳದೆಯೇ ಆ ಪಾಠವನ್ನು ಕಲಿಯುವ ಅವಕಾಶ ಕರ್ನಾಟಕದ ದ್ರಾಕ್ಷಿ ಬೆಳೆಗಾರರಿಗಿದೆ. ಇಂದು ಆರೋಗ್ಯದಿಂದಿರುವಂತೆ ತೋರುವ ಮೂರು ವರ್ಷದ ತೋಟಗಳೇ ಅದಕ್ಕೆ ಮೊದಲ ಪಾಠಶಾಲೆ.